ಹೆಸರು ಕೊಟ್ಟು ಹೊರಟುಹೋದವನು

ನಮ್ಮ ಮಾತಿನಲ್ಲಿ ಮನೆಯನ್ನು ಕಟ್ಟುತ್ತೇವೆ, ಕೆರೆಯನ್ನು ಕಟ್ಟುತ್ತೇವೆ, ಊರನ್ನೂ ಕಟ್ಟುತ್ತೇವೆ. ಮೂರಕ್ಕೂ ಕ್ರಿಯಾಪದ ಒಂದೇ. ಊರು ಕಟ್ಟಿದವನೆಂದರೆ ಆ ಊರಿನಲ್ಲಿ ಬಾಳಿದವನು, ಅದರ ನೀರು ಕುಡಿದವನು, ಕೊನೆಗೆ ಅದೇ ಮಣ್ಣಿನಲ್ಲಿ ಮಣ್ಣಾದವನು ಎಂದು ನಮ್ಮ ಮನಸ್ಸು ತಾನಾಗಿ ಭಾವಿಸಿಕೊಳ್ಳುತ್ತದೆ. ಆದರೆ ಚರಿತ್ರೆ ನಮ್ಮ ಭಾವನೆಗೆ ತಕ್ಕಂತೆ ನಡೆಯಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಒಂದು ಮಹಾನಗರಕ್ಕೆ ತನ್ನ ಹೆಸರನ್ನೇ ಕೊಟ್ಟು, ಅಲ್ಲಿ ಮೂರು ತಿಂಗಳು ಕೂಡ ಪೂರ್ತಿಯಾಗಿ ನಿಲ್ಲದೆ, ಹೊರಟುಹೋಗಿ, ಮತ್ತೆಂದೂ ಆ ಕಡೆ ತಲೆ ಹಾಕದ ಒಬ್ಬ ವಕೀಲನ ಕಥೆ ಇದು. ಅವನ ಹೆಸರು ಮೋಸೆಸ್ ಕ್ಲೀವ್‌ಲ್ಯಾಂಡ್. ಊರು, ಅಮೆರಿಕದ ಒಹಾಯೊ ಸಂಸ್ಥಾನದ ಕ್ಲೀವ್‌ಲ್ಯಾಂಡ್.

ಊರಿನ ಹೆಸರಿಗೂ ವ್ಯಕ್ತಿಯ ಹೆಸರಿಗೂ ಇಂಗ್ಲಿಷ್ ಬರಹದಲ್ಲಿ ಒಂದಕ್ಷರದ ಅಂತರವಿದೆ. ವ್ಯಕ್ತಿಯ ಹೆಸರಿನ ಮೊದಲ ಭಾಗದಲ್ಲಿ 'ಎ' ಎಂಬ ಅಕ್ಷರವಿದೆ. ಊರಿನ ಹೆಸರಿನಲ್ಲಿ ಅದಿಲ್ಲ. ೧೮೩೧ರ ಸುಮಾರಿಗೆ ಅಲ್ಲಿಯ ಪತ್ರಿಕೆಯೊಂದರ ತಲೆಬರಹದ ಸಾಲಿನಲ್ಲಿ ಜಾಗ ಸಾಲದೆ ಬಂದು, ಮುದ್ರಕನು ಆ ಅಕ್ಷರವನ್ನು ಕಿತ್ತು ಬದಿಗಿಟ್ಟನೆಂದೂ, ಅಂದಿನಿಂದ ಊರು ಅದನ್ನು ಮರೆತೇಬಿಟ್ಟಿತೆಂದೂ ಒಂದು ಹೇಳಿಕೆ ಪ್ರಚಾರದಲ್ಲಿದೆ. ಕನ್ನಡ ಕಲಿಸುವ ನನ್ನಂಥವನಿಗೆ ಇಲ್ಲೊಂದು ವಿನೋದ ಕಾಣುತ್ತದೆ. ನಮ್ಮ ಲಿಪಿ ಧ್ವನಿಯನ್ನು ಹಿಡಿಯುವ ಲಿಪಿ. ಉಚ್ಚಾರದಲ್ಲಿಲ್ಲದ ಆ ಅಕ್ಷರ ಇದ್ದರೂ ಹೋದರೂ ನಾವು ಬರೆಯುವುದು 'ಕ್ಲೀವ್‌ಲ್ಯಾಂಡ್' ಎಂದೇ. ಅಲ್ಲಿ ಕಳೆದುಹೋದದ್ದು ಇಲ್ಲಿ ಕಾಣಿಸುವುದೇ ಇಲ್ಲ. ಹೀಗೆ ಕಾಣದೆ ಕಳೆದುಹೋದ ಬೇರೆ ಸಂಗತಿಗಳೂ ಈ ಕಥೆಯಲ್ಲಿವೆ. ಅವು ಒಂದಕ್ಷರಕ್ಕಿಂತ ಭಾರವಾದವು.

ಮೋಸೆಸ್ ಕ್ಲೀವ್‌ಲ್ಯಾಂಡ್ ಹುಟ್ಟಿದ್ದು ೧೭೫೪ರ ಜನವರಿ ೨೯ರಂದು, ಕನೆಕ್ಟಿಕಟ್ ಪ್ರಾಂತದ ಕ್ಯಾಂಟರ್‌ಬರಿ ಎಂಬ ಸಣ್ಣ ಊರಿನಲ್ಲಿ. ಯೇಲ್ ಕಾಲೇಜಿನಲ್ಲಿ ಓದಿ ೧೭೭೭ರಲ್ಲಿ ಪದವಿ ಪಡೆದನು. ಆಗ ಅಮೆರಿಕದ ವಸಾಹತುಗಳಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದ ಕಾಲ. ಇವನೂ ಸೈನ್ಯ ಸೇರಿ, ಕಂದಕ ತೋಡುವ, ಸುರಂಗ ಹೂಡುವ ದಳದಲ್ಲಿ ಕ್ಯಾಪ್ಟನ್ ಆದನು. ಬಳಿಕ ಸೈನ್ಯವನ್ನು ಬಿಟ್ಟು ಹುಟ್ಟೂರಿನಲ್ಲೇ ವಕೀಲಿ ನಡೆಸತೊಡಗಿದನು. ಪ್ರಾಂತದ ಶಾಸನಸಭೆಗೆ ಹಲವು ಸಲ ಆರಿಸಿ ಬಂದನು. ಹೊಸ ರಾಷ್ಟ್ರದ ಸಂವಿಧಾನವನ್ನು ಒಪ್ಪಬೇಕೆ ಬೇಡವೆ ಎಂದು ತೀರ್ಮಾನಿಸಲು ೧೭೮೮ರಲ್ಲಿ ಕನೆಕ್ಟಿಕಟ್‌ನಲ್ಲಿ ಸೇರಿದ ಸಮಾವೇಶದಲ್ಲಿ ಸದಸ್ಯನಾಗಿದ್ದನು. ೧೭೯೬ರಲ್ಲಿ ನಾಡಸೇನೆಯ ಬ್ರಿಗೇಡಿಯರ್ ಜನರಲ್ ಪದವಿಯೂ ಬಂದಿತು. ದೃಢಕಾಯ, ಕಪ್ಪು ಛಾಯೆಯ ಮೈಬಣ್ಣ, ಗಂಭೀರ ಮುಖಮುದ್ರೆ. ಒಟ್ಟಿನಲ್ಲಿ ಊರಿನವರು ನಂಬಿ ವ್ಯವಹಾರ ಒಪ್ಪಿಸಬಹುದಾದ ಮನುಷ್ಯ. ಇಂಥವನನ್ನು ಕಾಡಿನ ದಾರಿಗೆ ಹಚ್ಚಿದ್ದು ಒಂದು ಹಳೆಯ ಸನ್ನದು.

ಇಂಗ್ಲೆಂಡಿನ ದೊರೆ ಎರಡನೆಯ ಚಾರಲ್ಸ್ ೧೬೬೨ರಲ್ಲಿ ಕನೆಕ್ಟಿಕಟ್‌ಗೆ ಸನ್ನದು ದಯಪಾಲಿಸುವಾಗ ಅದರ ಪಶ್ಚಿಮದ ಎಲ್ಲೆ 'ದಕ್ಷಿಣ ಸಮುದ್ರ'ದವರೆಗೆ ಎಂದು ಬರೆಸಿದ್ದನು. ದಕ್ಷಿಣ ಸಮುದ್ರವೆಂದರೆ ಪೆಸಿಫಿಕ್ ಮಹಾಸಾಗರ. ಅದು ಎಷ್ಟು ದೂರದಲ್ಲಿದೆಯೆಂಬುದು ಬರೆಸಿದವನಿಗೂ ಗೊತ್ತಿರಲಿಲ್ಲ, ಬರೆದವನಿಗೂ ಗೊತ್ತಿರಲಿಲ್ಲ. ಕಾಗದದ ಮೇಲೆ ಮಾತ್ರ ಎಪ್ಪತ್ತು ಮೈಲಿಯಷ್ಟು ಅಗಲದ ಒಂದು ಪಟ್ಟಿ ಖಂಡವನ್ನೆಲ್ಲ ದಾಟಿ ಹರಿದುಹೋಗಿತ್ತು. ಸ್ವಾತಂತ್ರ್ಯಾನಂತರ ಪ್ರಾಂತಗಳೆಲ್ಲ ತಮ್ಮ ಪಶ್ಚಿಮದ ಹಕ್ಕುಗಳನ್ನು ಒಕ್ಕೂಟಕ್ಕೆ ಬಿಟ್ಟುಕೊಡಬೇಕಾಗಿ ಬಂದಾಗ, ೧೭೮೬ರಲ್ಲಿ ಕನೆಕ್ಟಿಕಟ್ ಕೂಡ ಬಿಟ್ಟುಕೊಟ್ಟಿತು. ಆದರೆ ಒಂದು ತುಂಡನ್ನು ಕೈಯಲ್ಲಿ ಉಳಿಸಿಕೊಂಡಿತು. ಅದು ಪೆನ್ಸಿಲ್ವೇನಿಯದ ಗಡಿಯಿಂದ ಪಶ್ಚಿಮಕ್ಕೆ ೧೨೦ ಮೈಲಿ, ದಕ್ಷಿಣದಲ್ಲಿ ೪೧ನೆಯ ಅಕ್ಷಾಂಶ, ಉತ್ತರದಲ್ಲಿ ಈರಿ ಸರೋವರ. ಇದಕ್ಕೆ 'ವೆಸ್ಟರ್ನ್ ರಿಸರ್ವ್', ಅಂದರೆ ಪಶ್ಚಿಮದ ಮೀಸಲು, ಎಂದು ಹೆಸರಾಯಿತು. ಜನ ಅದನ್ನು 'ನ್ಯೂ ಕನೆಕ್ಟಿಕಟ್' ಎಂದೂ ಕರೆದರು. ಇದರ ಪಶ್ಚಿಮದ ಅಂಚಿನ ಐದು ಲಕ್ಷ ಎಕರೆಯನ್ನು, ಯುದ್ಧದಲ್ಲಿ ಇಂಗ್ಲಿಷ್ ಸೈನಿಕರು ಬೆಂಕಿಯಿಟ್ಟು ಮನೆಮಠ ಸುಟ್ಟ ಊರುಗಳ ಜನರಿಗೆ ಪರಿಹಾರವೆಂದು ೧೭೯೨ರಲ್ಲಿ ತೆಗೆದಿರಿಸಿದರು. ಅದಕ್ಕೆ 'ಬೆಂಕಿಯ ನೆಲ' ಎಂಬ ಅರ್ಥದ ಹೆಸರು ಇಂದಿಗೂ ಉಂಟು.

ಉಳಿದ ಸುಮಾರು ಮೂವತ್ತು ಲಕ್ಷ ಎಕರೆಯನ್ನು ಏನು ಮಾಡುವುದು? ಮಾರಿಬಿಡುವುದೆಂದು ಶಾಸನಸಭೆ ತೀರ್ಮಾನಿಸಿತು. ಬಂದ ಹಣವನ್ನು ಏನು ಮಾಡುವುದೆಂಬುದರ ಮೇಲೆ ಬಿರುಸಾದ ಚರ್ಚೆಯೆದ್ದಿತು. ಪಾದ್ರಿಗಳ ಸಂಬಳಕ್ಕೂ ಶಾಲೆಗಳಿಗೂ ಹಂಚಬೇಕೆಂದು ಕೆಲವರು ಹಿಡಿದ ಪಟ್ಟಿಗೆ ಜನ ಒಪ್ಪಲಿಲ್ಲ. ಕೊನೆಗೆ ೧೭೯೫ರಲ್ಲಿ ಆದ ಕಾಯಿದೆಯಂತೆ ಆ ಹಣವೆಲ್ಲ ಶಾಶ್ವತ ನಿಧಿಯಾಗಿ ನಿಂತು, ಬಡ್ಡಿ ಮಾತ್ರ ನಾಡಿನ ಮಕ್ಕಳ ಶಾಲೆಗಳಿಗೆ ಸಲ್ಲಬೇಕೆಂದು ನಿಶ್ಚಯವಾಯಿತು. ಒಂದು ಸಣ್ಣ ಪ್ರಾಂತವು ತನ್ನ ದೊಡ್ಡ ಆಸ್ತಿಯನ್ನು ಮಾರಿ ಹಣವನ್ನೆಲ್ಲ ಮಕ್ಕಳ ಅಕ್ಷರಾಭ್ಯಾಸಕ್ಕೆ ಮೀಸಲಿಟ್ಟಿತೆಂದರೆ ಅದು ಸಣ್ಣ ಮಾತಲ್ಲ. ಮೇಷ್ಟರ ವೃತ್ತಿಯವನಾದ ನನಗೆ ಈ ಸಂಗತಿಯನ್ನು ಮೊದಲು ಓದಿದಾಗ ಮನಸ್ಸು ಉಬ್ಬಿತೆಂದೇ ಹೇಳಬೇಕು. ಮುಂದೆ ಓದುತ್ತ ಹೋದಂತೆ ಆ ಉಬ್ಬು ಹಾಗೆಯೇ ಉಳಿಯಲಿಲ್ಲ.

೧೭೯೫ರ ಸೆಪ್ಟೆಂಬರಿನಲ್ಲಿ ನೆಲವನ್ನು ಕೊಂಡವರು 'ಕನೆಕ್ಟಿಕಟ್ ಲ್ಯಾಂಡ್ ಕಂಪನಿ' ಎಂದು ಕೂಡಿಕೊಂಡ ಕೆಲವು ಹಣವಂತರು. ಬೆಲೆ ಹನ್ನೆರಡು ಲಕ್ಷ ಡಾಲರು. ಎಕರೆಗೆ ನಲವತ್ತು ಸೆಂಟ್‌ನಂತೆ. ಕೈಯಿಂದ ರೊಕ್ಕ ಎಣಿಸಿ ಕೊಟ್ಟವರು ಕಡಮೆ. ಬಹುಪಾಲು ಸಂದಾಯವಾದದ್ದು ಬಾಂಡು, ಅಡಮಾನಗಳ ರೂಪದಲ್ಲಿ. ಆಲಿವರ್ ಫೆಲ್ಪ್ಸ್ ಎಂಬ ಭೂವ್ಯಾಪಾರಿಯ ಪಾಲು ಎಲ್ಲರಿಗಿಂತ ದೊಡ್ಡದು. ನಮ್ಮ ವಕೀಲನ ಪಾಲು ೩೨,೬೦೦ ಡಾಲರು. ಯಾರೂ ಆ ನೆಲವನ್ನು ಕಣ್ಣಿನಿಂದ ಕಂಡವರಲ್ಲ. ಕಾಣದ ನೆಲವನ್ನು ಕೊಂಡು, ಅಳೆಸಿ, ತುಂಡು ಮಾಡಿ, ಹೆಚ್ಚಿನ ಬೆಲೆಗೆ ಮಾರಿ ಲಾಭ ಹೊಡೆಯುವುದು ಅವರ ಲೆಕ್ಕಾಚಾರ. ಅಳೆಸುವ ದಂಡಿನ ಮುಂದಾಳಾಗಿ, ಕಂಪನಿಯ ಮುಖ್ಯ ಏಜಂಟನಾಗಿ, ಮೋಸೆಸ್ ಕ್ಲೀವ್‌ಲ್ಯಾಂಡ್ ೧೭೯೬ರ ಬೇಸಗೆಯಲ್ಲಿ ಹೊರಟನು. ಜೊತೆಯಲ್ಲಿ ಸುಮಾರು ಐವತ್ತು ಮಂದಿ. ಮೋಜಣಿಯವರ ಮುಖ್ಯಸ್ಥ ಆಗಸ್ಟಸ್ ಪೋರ್ಟರ್. ನಕ್ಷತ್ರ ನೋಡಿ ಅಕ್ಷಾಂಶ ಹೇಳಬಲ್ಲ ಸೇತ್ ಪೀಸ್. ಸರಪಳಿ ಹಿಡಿಯುವವರು, ಕೊಡಲಿಯವರು, ದೋಣಿಯವರು, ಒಬ್ಬ ವೈದ್ಯ. ಗಂಡಂದಿರ ಜೊತೆ ಬಂದ ಇಬ್ಬರು ಹೆಂಗಸರು.

ವಕೀಲನಾದವನಿಗೆ ನೆಲಕ್ಕಿಂತ ನೆಲದ ಹಕ್ಕು ಮೊದಲು ಕಾಣುತ್ತದೆ. ಈ ನೆಲದ ಹಕ್ಕು ಯಾರದು? ಹಿಂದಿನ ವರ್ಷದ ಆಗಸ್ಟಿನಲ್ಲಿ, ಗ್ರೀನ್‌ವಿಲ್ ಎಂಬಲ್ಲಿ, ಸೋತ ಹಲವು ಮೂಲನಿವಾಸಿ ಜನಾಂಗಗಳು ಅಮೆರಿಕ ಸರಕಾರದೊಡನೆ ಒಪ್ಪಂದ ಮಾಡಿಕೊಂಡಿದ್ದವು. ಅದರಂತೆ ಉತ್ತರದಲ್ಲಿ ಕಯಾಹೋಗ ನದಿಯೇ ಗಡಿ. ನದಿಯ ಪೂರ್ವಕ್ಕೆ ಬಿಳಿಯರು, ಪಶ್ಚಿಮಕ್ಕೆ ಮೂಲನಿವಾಸಿಗಳು. ಆದರೆ ಇರೊಕ್ವಾ ಒಕ್ಕೂಟದ ಮೋಹಾಕ್, ಸೆನೆಕ ಮೊದಲಾದ ಜನಾಂಗಗಳು ಆ ಒಪ್ಪಂದಕ್ಕೆ ರುಜು ಹಾಕಿರಲಿಲ್ಲ. ಪೂರ್ವದ ನೆಲದ ಮೇಲೆ ತಮಗೂ ಹಕ್ಕುಂಟೆಂದು ಅವರ ವಾದ. ಆದ್ದರಿಂದ ಕ್ಲೀವ್‌ಲ್ಯಾಂಡ್ ನೇರವಾಗಿ ಕಾಡಿಗೆ ನುಗ್ಗಲಿಲ್ಲ. ಈಗ ಬಫಲೊ ನಗರವಿರುವ ಹಳ್ಳದ ಬಳಿ ತಂಗಿ, ೧೭೯೬ರ ಜೂನ್ ತಿಂಗಳಲ್ಲಿ ಆ ಮುಖಂಡರೊಡನೆ ಮಾತುಕತೆಗೆ ಕೂತನು.

ಎದುರಿಗೆ ಕೂತವರಲ್ಲಿ ಇಬ್ಬರು ಸಾಮಾನ್ಯರಲ್ಲ. ಸೆನೆಕರ ಪರವಾಗಿ ಬಂದವನು ಮಾತಿನ ಮಲ್ಲನೆಂದು ಹೆಸರಾದ ರೆಡ್ ಜಾಕೆಟ್. ಮೋಹಾಕರ ಪರವಾಗಿ ಬಂದವನು ಜೋಸೆಫ್ ಬ್ರಾಂಟ್. ಈ ಬ್ರಾಂಟ್ ಯುದ್ಧದಲ್ಲಿ ಇಂಗ್ಲಿಷರ ಪಕ್ಷ ಕಟ್ಟಿ ಹೋರಾಡಿದವನು, ಲಂಡನ್ನಿಗೆ ಹೋಗಿ ದೊರೆಯನ್ನು ಕಂಡು ಬಂದವನು, ಕ್ರೈಸ್ತ ಗ್ರಂಥಗಳ ಭಾಗಗಳನ್ನು ತನ್ನ ನುಡಿಗೆ ಅನುವಾದಿಸಿದ ವಿದ್ಯಾವಂತ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಹುಡುಗನಾಗಿದ್ದಾಗ ಅವನು ಇಂಗ್ಲಿಷ್ ಕಲಿತದ್ದು ಕನೆಕ್ಟಿಕಟ್‌ನ ಲೆಬನನ್ ಎಂಬ ಊರಿನಲ್ಲಿ, ಪಾದ್ರಿ ಎಲಿಯಜರ್ ವೀಲಾಕ್ ಮೂಲನಿವಾಸಿ ಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಯಲ್ಲಿ. ಕ್ಯಾಂಟರ್‌ಬರಿಯಿಂದ ಆ ಊರು ಬಹಳ ದೂರವೇನಲ್ಲ. ಕನೆಕ್ಟಿಕಟ್‌ನ ಶಾಲೆಗಳಿಗೆ ನಿಧಿ ಕೂಡಿಸಲೆಂದು ಮಾರಿದ ನೆಲದ ಹಕ್ಕನ್ನು ಕುರಿತು, ಕನೆಕ್ಟಿಕಟ್‌ನ ಶಾಲೆಯಲ್ಲೇ ಕಲಿತ ಮೋಹಾಕನೊಬ್ಬನು ಕನೆಕ್ಟಿಕಟ್‌ನ ವಕೀಲನೊಡನೆ ಚೌಕಾಸಿ ಮಾಡುತ್ತಿದ್ದನು!

ಚೌಕಾಸಿ ಕೆಲವು ದಿನ ನಡೆಯಿತು. ಕೊನೆಗೆ ಕುದುರಿದ ಬೆಲೆ ಇಷ್ಟು: ಬ್ರಾಂಟನ ಕಡೆಯವರಿಗೆ ನ್ಯೂಯಾರ್ಕ್ ನಾಣ್ಯದ ಲೆಕ್ಕದಲ್ಲಿ ೫೦೦ ಪೌಂಡು ಬೆಲೆಯ ಸರಕು, ಸೆನೆಕರ ಕಡೆಯವರಿಗೆ ಮಾಂಸಕ್ಕೆಂದು ಎರಡು ದನ ಮತ್ತು ೧೦೦ ಗ್ಯಾಲನ್ ವಿಸ್ಕಿ. ಆ ಕಾಲದ ನ್ಯೂಯಾರ್ಕ್ ಪೌಂಡಿಗೆ ಎರಡೂವರೆ ಡಾಲರು. ಅಂದರೆ ೫೦೦ ಪೌಂಡು ೧,೨೫೦ ಡಾಲರಿಗೆ ಸಮ. ಕನೆಕ್ಟಿಕಟ್‌ಗೆ ಕಂಪನಿ ಒಪ್ಪಿಕೊಂಡದ್ದು ಹನ್ನೆರಡು ಲಕ್ಷ. ಕಂಪನಿ ಕೊಂಡ ನೆಲದ ದೊಡ್ಡ ಪಾಲು ನದಿಯ ಪೂರ್ವಕ್ಕೇ ಇತ್ತು. ಹೆಚ್ಚು ಕಡಮೆ ಸಾವಿರಕ್ಕೆ ಒಂದು! ಆ ನೆಲದಲ್ಲಿ ಬೇಟೆಯಾಡಿದವರ ಹಕ್ಕಿನ ಬೆಲೆಗೂ, ಅದನ್ನು ಕಣ್ಣಿನಿಂದ ಕಾಣದವರ ಹಕ್ಕಿನ ಬೆಲೆಗೂ ಇದ್ದ ತಾರತಮ್ಯ ಇಷ್ಟು.

ಕ್ಲೀವ್‌ಲ್ಯಾಂಡನನ್ನು ಮೋಸಗಾರನೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ. ಅವನು ಕೋವಿ ತೋರಿಸಿ ನೆಲ ಕಿತ್ತುಕೊಂಡವನಲ್ಲ. ಸರಕಾರ ಆಗಲೇ ತೀರಿಸಿದ್ದೇವೆಂದ ಹಕ್ಕಿಗೆ ಎರಡನೆಯ ಸಲ ಮಾತಾಡಿ ಹಣ ಕೊಟ್ಟನು. ಕೊಟ್ಟ ಮಾತಿಗೆ ತಪ್ಪಿದನೆಂಬ ಅಪವಾದವೂ ಅವನ ಮೇಲಿಲ್ಲ. ಅವನು ಮಾಡಿದ್ದು ಒಳ್ಳೆಯ ವಕೀಲ ಮಾಡುವ ಕೆಲಸ. ಮುಂದೆ ತಕರಾರು ಬಾರದಂತೆ, ಸಾಧ್ಯವಿದ್ದಷ್ಟು ಕಡಮೆ ಖರ್ಚಿನಲ್ಲಿ, ಹಕ್ಕುಪತ್ರವನ್ನು ಶುದ್ಧ ಮಾಡಿಕೊಂಡನು. ಅನ್ಯಾಯ ಈ ಕಥೆಯಲ್ಲಿ ಕಟುಕನ ವೇಷದಲ್ಲಿ ಬರುವುದಿಲ್ಲ. ಚೊಕ್ಕಟವಾಗಿ ಬರೆದ ಕಾಗದದ ವೇಷದಲ್ಲಿ ಬರುತ್ತದೆ. ಅದನ್ನು ಗುರುತಿಸುವುದು ಕಷ್ಟ ಎಂಬುದಕ್ಕಾಗಿಯೇ ಈ ಕಥೆಯನ್ನು ಹೇಳಬೇಕೆನಿಸಿತು.

ಜುಲೈ ೪ರಂದು, ಸ್ವಾತಂತ್ರ್ಯದ ಇಪ್ಪತ್ತನೆಯ ವಾರ್ಷಿಕೋತ್ಸವದ ದಿನವೇ, ದಂಡು ಕಾನಿಯಾಟ್ ಎಂಬ ಹೊಳೆಯ ಬಾಯಿಗೆ ಬಂದು ಮುಟ್ಟಿತು. ಇದೇ ಮೀಸಲು ನೆಲದ ಮೊದಲ ಮೆಟ್ಟಿಲು. ಕೋವಿ ಹಾರಿಸಿದರು, ಬಟ್ಟಲೆತ್ತಿ ಶುಭ ಕೋರಿದರು, ತಾಣಕ್ಕೆ 'ಸ್ವಾತಂತ್ರ್ಯ ಬಂದರು' ಎಂದು ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಸಮೀಪದಲ್ಲಿ ಬೀಡುಬಿಟ್ಟಿದ್ದ ಮೂಲನಿವಾಸಿಗಳ ಒಂದು ಗುಂಪು ಬಂದು, ನೀವು ಯಾರು, ನಮ್ಮನ್ನು ಏನು ಮಾಡುವಿರಿ ಎಂದು ವಿಚಾರಿಸಿತು. ನಿಮಗೆ ತೊಂದರೆ ಕೊಡುವುದಿಲ್ಲವೆಂದು ಕ್ಲೀವ್‌ಲ್ಯಾಂಡ್ ಸಮಾಧಾನ ಹೇಳಿ, ಸಣ್ಣಪುಟ್ಟ ಕಾಣಿಕೆಗಳನ್ನು ಕೊಟ್ಟು ಕಳುಹಿಸಿದನು.

ಅನಂತರ ಅಳತೆ ಮೊದಲಾಯಿತು. ಅರುವತ್ತಾರು ಅಡಿಯ, ನೂರು ಕೊಂಡಿಯ ಕಬ್ಬಿಣದ ಸರಪಳಿ. ಎಂಬತ್ತು ಸರಪಳಿಗೆ ಒಂದು ಮೈಲಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ನಮ್ಮ ರೈತರಿಗೂ ಈ ಅಳತೆ ಅಪರಿಚಿತವಲ್ಲ. ಎಕರೆಗೆ ನಲವತ್ತು ಗುಂಟೆ ಎಂಬ ನಮ್ಮ ಲೆಕ್ಕದ ಗುಂಟೆ, ಈ ಸರಪಳಿಯ ಅರ್ಧ ಉದ್ದ ಅರ್ಧ ಅಗಲದ ಚೌಕವೇ ಆಗಿದೆ. ಅಲ್ಲಿ ಮೊದಲು ಪೆನ್ಸಿಲ್ವೇನಿಯದ ಗಡಿಯುದ್ದಕ್ಕೆ ದಕ್ಷಿಣಕ್ಕೆ ನಡೆದು ೪೧ನೆಯ ಅಕ್ಷಾಂಶವನ್ನು ಕಂಡುಹಿಡಿದರು. ಅಲ್ಲಿಂದ ಪಶ್ಚಿಮಕ್ಕೆ ಐದೈದು ಮೈಲಿಗೊಂದು ಗೆರೆ ಎಳೆಯುತ್ತ, ಐದು ಮೈಲಿ ಚೌಕದ ಟೌನ್‌ಷಿಪ್‌ಗಳನ್ನು ಗುರುತಿಸತೊಡಗಿದರು. ದಟ್ಟವಾದ ಕಾಡು, ಮೊಣಕಾಲುದ್ದದ ಜೌಗು, ಸೊಳ್ಳೆ, ಊಟಕ್ಕೆ ತತ್ವಾರ. ದಿಕ್ಸೂಚಿಯ ಮುಳ್ಳು ಎಲ್ಲ ಕಡೆಯೂ ಒಂದೇ ರೀತಿ ನಿಲ್ಲುತ್ತಿರಲಿಲ್ಲ. ಇಷ್ಟೆಲ್ಲ ಪಟ್ಟ ಪಾಡಿನ ಕೊನೆಗೆ ಹೊರಬಿದ್ದ ಸತ್ಯವೊಂದು ಕಂಪನಿಯವರ ಎದೆಯೊಡೆಯಿತು: ಸರೋವರದ ದಂಡೆ ಅವರ ಊಹೆಗಿಂತ ತೆಂಕಕ್ಕೆ ಬಾಗಿತ್ತು. ಮೂವತ್ತು ಲಕ್ಷಕ್ಕಿಂತ ಹೆಚ್ಚಿಗೆ ನೆಲ ಸಿಕ್ಕೀತು, ಆ ಹೆಚ್ಚುವರಿಯಲ್ಲಿ ಲಾಭ ಮಾಡೋಣವೆಂದು ಪ್ರತ್ಯೇಕ ಕೂಟವನ್ನೇ ಕಟ್ಟಿಕೊಂಡಿದ್ದವರಿದ್ದರು. ಅಳೆದು ನೋಡಿದರೆ ಮೂವತ್ತು ಲಕ್ಷವೇ ಪೂರ್ತಿ ಇರಲಿಲ್ಲ.

ಜುಲೈ ೨೨ರಂದು ಕ್ಲೀವ್‌ಲ್ಯಾಂಡನ ದೋಣಿ ಕಯಾಹೋಗ ನದಿಯ ಬಾಯನ್ನು ಹೊಕ್ಕಿತು. ಪೂರ್ವದ ದಂಡೆಯಲ್ಲಿ ಇಳಿದು, ಏರು ಹತ್ತಿ ನಿಂತರೆ, ಮುಂದೆ ಸಮತಟ್ಟಾದ ಕಾಡು, ಹಿಂದೆ ಕಡಲಿನಂಥ ಸರೋವರ. ರಾಜಧಾನಿಯಂಥ ಊರೊಂದಕ್ಕೆ ಇದೇ ತಕ್ಕ ಸ್ಥಳವೆಂದು ಅವನು ನಿಶ್ಚಯಿಸಿದನು. ಊರಿಗೆ ನದಿಯ ಹೆಸರನ್ನೇ ಇಡುವ ಆಲೋಚನೆ ಅವನಿಗಿತ್ತೆಂದೂ, ಜೊತೆಯವರು ಮುಂದಾಳಿನ ಹೆಸರೇ ಆಗಬೇಕೆಂದು ಹಟ ಹಿಡಿದರೆಂದೂ ಹೇಳುತ್ತಾರೆ. ಆಗ ತಯಾರಾದ ನಕ್ಷೆಗಳಲ್ಲಿ ಕಾಣುವ ಊರು ಸರಳವಾದದ್ದು. ನಡುವೆ ಸುಮಾರು ಹತ್ತು ಎಕರೆಯ ಒಂದು ಬಯಲು ಚೌಕ. ಅದನ್ನು ಹಾದುಹೋಗುವ ಸುಪೀರಿಯರ್, ಒಂಟೇರಿಯೊ ಎಂಬ ಎರಡು ಅಗಲವಾದ ಬೀದಿಗಳು. ಸುತ್ತ ಎರಡೆರಡು ಎಕರೆಯ ೨೨೦ ನಿವೇಶನಗಳು. ನಡುವಿನ ಬಯಲು ಯಾರಿಗೂ ಮಾರುವುದಕ್ಕಲ್ಲ, ಅದು ಎಲ್ಲರದು. ನ್ಯೂ ಇಂಗ್ಲೆಂಡಿನ ಪ್ರತಿ ಹಳ್ಳಿಯ ನಡುವೆಯೂ ಇಂಥದೊಂದು ಹಸುರು ಬಯಲು ಇರುತ್ತದೆ. ಹುಟ್ಟೂರಿನಿಂದ ಅವನು ಹೊತ್ತು ತಂದ ಆಸ್ತಿಯೆಂದರೆ ಈ ಬಯಲಿನ ನೆನಪು.

ಆಳುಗಳ ಸಹನೆ ಮಾತ್ರ ಸೆಪ್ಟೆಂಬರ್ ಹೊತ್ತಿಗೆ ತೀರಿತು. ಕೆಲಸ ಕಠಿಣ, ಕೂಲಿ ಕಡಮೆ, ಊಟ ಅರೆಬರೆ. ಹೆಚ್ಚಿಗೆ ಕೊಡದೆ ಮುಂದಕ್ಕೆ ಹೆಜ್ಜೆಯಿಡುವುದಿಲ್ಲವೆಂದು ಅವರು ಪಟ್ಟು ಹಿಡಿದರು. ದಂಡಿಸುವ ಅಧಿಕಾರ ಕಾಡಿನಲ್ಲಿ ಯಾರಿಗಿದೆ? ಕ್ಲೀವ್‌ಲ್ಯಾಂಡ್ ಮತ್ತೆ ಕಾಗದವನ್ನೇ ನೆಚ್ಚಿದನು. ಒಂದು ಟೌನ್‌ಷಿಪ್ಪನ್ನು ಎಕರೆಗೆ ಒಂದು ಡಾಲರಿನಂತೆ ಅವರಿಗೇ ಕೊಡುವುದೆಂದೂ, ಅವರು ಅಲ್ಲಿ ಇಂತಿಷ್ಟು ಕುಟುಂಬಗಳನ್ನು ನೆಲೆಗೊಳಿಸಬೇಕೆಂದೂ ಒಪ್ಪಂದ ಬರೆದರು. ಆ ಟೌನ್‌ಷಿಪ್ಪಿಗೆ ಸರ್ವೆಯವರು ಇಟ್ಟ ಹೆಸರು ಯೂಕ್ಲಿಡ್! ರೇಖಾಗಣಿತದ ಗ್ರೀಕ್ ಆಚಾರ್ಯನೇ ಗೆರೆ ಎಳೆಯುವವರ ಕುಲದೇವತೆಯಲ್ಲವೆ? ಹರಿದ ಬೂಟಿನ, ಜ್ವರ ಹಿಡಿದ ಆ ಆಳುಗಳು ಇಟ್ಟ ಹೆಸರು ಮುಂದೆ ನಗರದ ಒಂದು ಬೀದಿಗೂ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ಯೂಕ್ಲಿಡ್ ಬೀದಿ, ಎಣ್ಣೆಯ ದೊರೆ ರಾಕ್‌ಫೆಲರ್ ಮೊದಲಾದವರ ಭವನಗಳಿಂದ 'ಕೋಟ್ಯಧೀಶರ ಸಾಲು' ಎಂದು ಪ್ರಸಿದ್ಧವಾಯಿತು.

ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡ್ ಊರಿಗೆ ಹಿಂದಿರುಗಿದನು. ಅಳತೆ ಇನ್ನೂ ಮುಗಿದಿರಲಿಲ್ಲ. ಖರ್ಚು ಹೆಚ್ಚಾಯಿತೆಂದು ಪಾಲುದಾರರು ಗೊಣಗಿದರು. ಮರುವರ್ಷದ ದಂಡಿಗೆ ಬೇರೆ ಮುಂದಾಳು ಬಂದನು. ನಮ್ಮ ವಕೀಲ ಮತ್ತೆ ತನ್ನ ಕಕ್ಷಿಗಾರರ ನಡುವೆ ಕೂತು, ಬದುಕಿನ ಉಳಿದ ಹತ್ತು ವರ್ಷಗಳನ್ನು ಕ್ಯಾಂಟರ್‌ಬರಿಯಲ್ಲೇ ಕಳೆದನು. ತನ್ನ ಹೆಸರಿನ ಊರು ಒಂದು ದಿನ ತಮ್ಮ ಹತ್ತಿರದ ವಿಂಡಮ್ ಪಟ್ಟಣದಷ್ಟು ದೊಡ್ಡದಾದೀತು, ಅದನ್ನು ನೋಡುವ ಮಗು ಈಗಾಗಲೇ ಹುಟ್ಟಿರಬಹುದು ಎಂದು ಅವನು ಹೇಳಿದ್ದನಂತೆ. ಕೆಲವೇ ಸಾವಿರ ಜನರ ವಿಂಡಮ್! ಕನಸಿನಲ್ಲಿಯೂ ಅವನು ಮಿತಿ ಮೀರಲಿಲ್ಲ.

ಅವನು ಬಿಟ್ಟು ಬಂದ ಊರು ಆಗ ಊರೇ ಅಲ್ಲ. ಆ ಚಳಿಗಾಲವನ್ನು ಅಲ್ಲಿ ಕಳೆದವರು ಜಾಬ್ ಸ್ಟೈಲ್ಸ್, ಅವನ ಹೆಂಡತಿ ಟಬಿಥ, ಜೊತೆಗೊಬ್ಬ ಅತಿಥಿ. ಅತ್ತ ಕಾನಿಯಾಟ್‌ನ ಗುಡಿಸಲಿನಲ್ಲಿ ಜೇಮ್ಸ್ ಕಿಂಗ್ಸ್‌ಬರಿಯ ಸಂಸಾರ. ಕೆಲಸದ ನಿಮಿತ್ತ ಪೂರ್ವಕ್ಕೆ ಹೋದ ಕಿಂಗ್ಸ್‌ಬರಿ ಅಲ್ಲಿ ಕಾಯಿಲೆ ಬಿದ್ದನು. ಹಿಮದಲ್ಲಿ ದಾರಿ ಮಾಡಿಕೊಂಡು ಡಿಸೆಂಬರ್ ಕೊನೆಗೆ ಮನೆ ಸೇರುವಷ್ಟರಲ್ಲಿ ಹೆಂಡತಿ ಹೆತ್ತಿದ್ದಳು, ಹಸಿವಿನಿಂದ ಅವಳ ಎದೆಯಲ್ಲಿ ಹಾಲು ಬತ್ತಿತ್ತು, ಕೂಸು ಉಳಿಯಲಿಲ್ಲ. ಆ ನೆಲದಲ್ಲಿ ಬಿಳಿಯರಿಗೆ ಹುಟ್ಟಿದ ಮೊದಲ ಮಗು ಅದೆಂದು ಚರಿತ್ರೆಕಾರರು ಬರೆಯುತ್ತಾರೆ. ಊರು ಕಟ್ಟಿದವರ ಪಟ್ಟಿ ಮಾಡುವುದಾದರೆ ಆ ತಾಯಿಯ ಹೆಸರು ಯೂನಿಸ್ ಕಿಂಗ್ಸ್‌ಬರಿ ಎಂಬುದು ಎಷ್ಟನೆಯದಾಗಿ ಬರಬೇಕು? ಪ್ರತಿಮೆ ನಿಲ್ಲಿಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ.

೧೭೯೭ರಲ್ಲಿ ಲೊರೆಂಜೊ ಕಾರ್ಟರ್ ಎಂಬ ಗಟ್ಟಿಗ ಬಂದು ನದಿಯ ದಂಡೆಯಲ್ಲಿ ಮನೆ ಕಟ್ಟಿ ಕದಲದೆ ನಿಂತನು. ಉಳಿದ ಬಹುಮಂದಿ ನಿಲ್ಲಲಿಲ್ಲ. ನದಿಯ ಬಾಯಿಯ ಜೌಗಿನಿಂದ ಏಳುವ ನಡುಕ ಜ್ವರಕ್ಕೆ ಹೆದರಿ ದಿಣ್ಣೆಯ ಮೇಲಿನ ನೆಲಕ್ಕೆ ಸರಿದರು. ಹೊಸ ನೆಲದಲ್ಲಿ ಮೊದಲ ಕೆಲವು ವರ್ಷ ಸರಿಯಾದ ಸರಕಾರವೂ ಇರಲಿಲ್ಲ. ಕಂಪನಿಗೆ ನೆಲದ ಒಡೆತನವಿತ್ತೇ ಹೊರತು ಆಳುವ ಅಧಿಕಾರವಿರಲಿಲ್ಲ. ೧೮೦೦ರಲ್ಲಿ ಕನೆಕ್ಟಿಕಟ್ ತನ್ನ ಆಡಳಿತದ ಹಕ್ಕನ್ನು ಒಕ್ಕೂಟಕ್ಕೆ ಬಿಟ್ಟುಕೊಟ್ಟ ಮೇಲೆ ಕೋರ್ಟು, ತಾಲ್ಲೂಕು ಎಲ್ಲ ಹುಟ್ಟಿಕೊಂಡವು. ೧೮೦೫ರಲ್ಲಿ ಇನ್ನೊಂದು ಒಪ್ಪಂದವಾಗಿ ನದಿಯ ಪಶ್ಚಿಮದ ನೆಲವೂ ಮೂಲನಿವಾಸಿಗಳ ಕೈಬಿಟ್ಟಿತು. ಗ್ರೀನ್‌ವಿಲ್‌ನಲ್ಲಿ ಗಡಿಯೆಂದು ಬರೆದ ನದಿ ಹತ್ತು ವರ್ಷ ಮಾತ್ರ ಗಡಿಯಾಗಿತ್ತು. ಮರುವರ್ಷ, ೧೮೦೬ರ ನವೆಂಬರ್ ೧೬ರಂದು, ಮೋಸೆಸ್ ಕ್ಲೀವ್‌ಲ್ಯಾಂಡ್ ಹುಟ್ಟೂರಿನಲ್ಲೇ ತೀರಿಕೊಂಡನು.

ಊರಿನ ಭಾಗ್ಯ ತೆರೆದದ್ದು ಕಾಲುವೆಯಿಂದ. ಸರೋವರದಿಂದ ಒಹಾಯೊ ನದಿಯವರೆಗೆ ೧೮೨೫ರಲ್ಲಿ ತೋಡಲು ಮೊದಲು ಮಾಡಿದ ಕಾಲುವೆ ೧೮೩೨ರಲ್ಲಿ ಮುಗಿಯಿತು. ಅದರ ಉತ್ತರದ ಬಾಯಿ ಕ್ಲೀವ್‌ಲ್ಯಾಂಡ್‌ನಲ್ಲಿತ್ತು. ೧೮೩೦ರಲ್ಲಿ ಸಾವಿರಕ್ಕೆ ಸ್ವಲ್ಪ ಹೆಚ್ಚಿದ್ದ ಜನ ೧೮೪೦ಕ್ಕೆ ೬,೦೭೧ ಆದರು; ೧೮೬೦ಕ್ಕೆ ೪೩,೪೧೭. ಕಬ್ಬಿಣ, ಉಕ್ಕು, ಎಣ್ಣೆ ಬಂದವು. ೧೯೨೦ರಲ್ಲಿ ೭,೯೬,೮೪೧ ಜನರೊಡನೆ ಅದು ದೇಶದ ಐದನೆಯ ದೊಡ್ಡ ನಗರ. ಆಮೇಲೆ ಇಳಿಗಾಲವೂ ಬಂದಿತು: ೧೯೫೦ರಲ್ಲಿ ಒಂಬತ್ತು ಲಕ್ಷ ದಾಟಿದ್ದ ಜನಸಂಖ್ಯೆ ೨೦೨೦ರ ಎಣಿಕೆಯಲ್ಲಿ ೩,೭೨,೬೨೪ಕ್ಕೆ ಇಳಿಯಿತು. ಸಂಸ್ಥಾಪಕನ ಪ್ರತಿಮೆಯನ್ನು ಬಯಲು ಚೌಕದಲ್ಲಿ ನಿಲ್ಲಿಸಿದ್ದು ೧೮೮೮ರಲ್ಲಿ, ಅವನು ಸತ್ತ ಎಂಬತ್ತೆರಡು ವರ್ಷಕ್ಕೆ. ಮತ್ತೆ ಬಾರದವನನ್ನು ಊರು ಕಂಚಿನಲ್ಲಿ ಕರೆಸಿಕೊಂಡಿತು.

ಇನ್ನು ಆ ಶಾಲಾನಿಧಿಯ ಮಾತು. ಬಾಂಡು ಬರೆದುಕೊಟ್ಟ ಪಾಲುದಾರರಲ್ಲಿ ಹಲವರು ಬಾಕಿ ಉಳಿಸಿದರು. ೧೮೧೦ರಲ್ಲಿ ಜೇಮ್ಸ್ ಹಿಲ್‌ಹೌಸ್ ಎಂಬ ಇನ್ನೊಬ್ಬ ವಕೀಲ ನಿಧಿಯ ಕಮಿಷನರಾಗಿ, ಹದಿನೈದು ವರ್ಷ ಸಾಲಗಾರರ ಬೆನ್ನು ಹತ್ತಿ ದುಡಿದು, ಹನ್ನೆರಡು ಲಕ್ಷವನ್ನು ಹದಿನೇಳು ಲಕ್ಷಕ್ಕೆ ಬೆಳೆಸಿದನು. ಬಡ್ಡಿ ವರ್ಷವರ್ಷವೂ ಶಾಲೆಗಳಿಗೆ ಹರಿಯಿತು. ಆದರೆ ವಿಚಿತ್ರವನ್ನು ಕೇಳಿ: ನಿಧಿಯಿದೆಯಲ್ಲ ಎಂಬ ಧೈರ್ಯದಿಂದ ೧೮೨೦ರ ಬಳಿಕ ಊರಿನವರು ಶಾಲೆಗೆಂದು ತೆರಿಗೆ ಕೊಡುವುದನ್ನು ನಿಲ್ಲಿಸುತ್ತ ಬಂದರು. ಕಟ್ಟಡಗಳು ಮುರುಕಲಾದವು, ಉಪಾಧ್ಯಾಯರ ಸಂಬಳ ಇಳಿಯಿತು. ೧೮೩೮ರಲ್ಲಿ ಶಿಕ್ಷಣಮಂಡಲಿಯ ಕಾರ್ಯದರ್ಶಿಯಾದ ಹೆನ್ರಿ ಬರ್ನಾರ್ಡ್ ಸಾರ್ವಜನಿಕ ಶಾಲೆಗಳ ಹೀನ ಸ್ಥಿತಿಯನ್ನು ಎತ್ತಿ ತೋರಿಸಬೇಕಾಯಿತು. ತಾವು ಬೆವರಿಳಿಸದೆ ಬಂದ ಹಣ, ಒಳ್ಳೆಯ ಕೆಲಸಕ್ಕೇ ಮೀಸಲಾಗಿದ್ದರೂ, ಜನರ ಕೈಯನ್ನು ಜಡ ಮಾಡಿತು.

ಹಾಗಾದರೆ ಈ ಲೆಕ್ಕವನ್ನು ಹೇಗೆ ಕೂಡಿಸಬೇಕು? ಕನೆಕ್ಟಿಕಟ್‌ನ ಬಡ ರೈತನ ಮಗ ಅಕ್ಷರ ಕಲಿತದ್ದು ನಿಜ. ಆ ಅಕ್ಷರದ ಬೆಲೆಯನ್ನು, ಮೈಲಿಗಳಾಚೆ, ತಾನು ಕಾಣದ ಜನ ಬಹುಮಟ್ಟಿಗೆ ತೆತ್ತರೆಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಅದು ಚರಿತ್ರೆಯಾಗುವುದಿಲ್ಲ. ಒಂದೋ ಹೊಗಳಿಕೆ, ಇಲ್ಲವೆ ಬೈಗುಳ. ಯೇಲ್‌ನಲ್ಲಿ ಓದಿದ ವಕೀಲನೂ ಲೆಬನನ್ನಿನಲ್ಲಿ ಓದಿದ ಮೋಹಾಕನೂ ಎದುರುಬದುರು ಕೂತ ಆ ಜೂನ್ ತಿಂಗಳಿನಲ್ಲಿ ಇಬ್ಬರಿಗೂ ಓದು ಬರುತ್ತಿತ್ತು, ಬರಹ ಬರುತ್ತಿತ್ತು. ಕೊರತೆಯಿದ್ದದ್ದು ವಿದ್ಯೆಯಲ್ಲಲ್ಲ, ತಕ್ಕಡಿಯಲ್ಲಿ.

ಕ್ಲೀವ್‌ಲ್ಯಾಂಡನ ಹಿರಿಮೆಗೆ ಸಾಕ್ಷಿ ಬೇಕಾದರೆ ಪ್ರತಿಮೆಯನ್ನಲ್ಲ, ಅದು ನಿಂತ ಬಯಲನ್ನು ನೋಡಬೇಕು. ೧೮೫೭ರಲ್ಲಿ ಕೆಲವರು ಚೌಕಕ್ಕೆ ಬೇಲಿ ಹಾಕಿಸಿ ಗಾಡಿಗಳ ಓಡಾಟವನ್ನು ತಡೆದರು. ಅವರ ಕಡೆ ಬಲವೂ ಇತ್ತು, ಹಣವೂ ಇತ್ತು. ವ್ಯಾಜ್ಯ ಹತ್ತು ವರ್ಷ ಎಳೆಯಿತು. ಆ ನಡುವೆ, ೧೮೬೫ರ ಏಪ್ರಿಲ್ ೨೮ರಂದು, ಕೊಲೆಯಾದ ಅಧ್ಯಕ್ಷ ಲಿಂಕನ್ನನ ಶವಪೆಟ್ಟಿಗೆಯನ್ನು ಅದೇ ಚೌಕದಲ್ಲಿ ಇರಿಸಿದಾಗ, ಸಾವಿರಾರು ಜನ ಮಳೆಯಲ್ಲಿ ಸಾಲುಗಟ್ಟಿ ನಡೆದುಹೋದರು. ೧೮೬೭ರಲ್ಲಿ ಕೋರ್ಟಿನ ತೀರ್ಪಿನಂತೆ ಬೇಲಿ ಬಿದ್ದು ಬೀದಿಗಳು ಮತ್ತೆ ತೆರೆದವು. ಎಲ್ಲವನ್ನೂ ಅಳೆದು ಬೆಲೆ ಕಟ್ಟಲು ಬಂದ ಮನುಷ್ಯ ಹತ್ತು ಎಕರೆಯನ್ನು ಮಾತ್ರ ಬೆಲೆಯಿಲ್ಲದೆ ಬಿಟ್ಟಿದ್ದನು. ಅವನ ಹೆಸರಿನಿಂದ ಒಂದಕ್ಷರ ಬಿದ್ದುಹೋಯಿತು, ಅವನ ಕಂಪನಿ ೧೮೦೯ರಲ್ಲೇ ಮುಚ್ಚಿತು. ಆ ಬಯಲು ಇನ್ನೂ ಎಲ್ಲರದಾಗಿಯೇ ಇದೆ. ಎಲ್ಲರದು ಎಂಬ ಮಾತಿನೊಳಗೆ ಬ್ರಾಂಟನ ಜನರನ್ನೂ ಅಂದೇ ಸೇರಿಸಿಕೊಂಡಿದ್ದರೆ ಊರು ಕಟ್ಟಿದ ಕೆಲಸ ಪೂರ್ತಿಯಾಗುತ್ತಿತ್ತು.